ಗಣಕದ ಶಿಶಿರನಿದ್ರೆ: ಡಿಸ್ಕಿನ ಜಾಗ ಬಿಡಿಸಿಕೊಳ್ಳುವ ಮುನ್ನ ತಿಳಿದಿರಬೇಕಾದದ್ದು

ಸಿ ಡ್ರೈವ್ ತುಂಬಿಹೋಗಿದೆ ಎಂಬ ಎಚ್ಚರಿಕೆ ಗಣಕಯಂತ್ರದ ಪರದೆಯ ಮೇಲೆ ಕಾಣಿಸಿಕೊಂಡಾಗ ಬಹುತೇಕ ಬಳಕೆದಾರರು ಮೊದಲು ಕೈಹಾಕುವುದು ತಮ್ಮದೇ ಛಾಯಾಚಿತ್ರ, ಹಾಡು ಹಾಗೂ ಚಲನಚಿತ್ರಗಳ ಮೇಲೆ. ಅವನ್ನೆಲ್ಲ ಅಳಿಸಿದ ಮೇಲೂ ಜಾಗ ಸಾಲದಾಗುತ್ತದೆ. ವಿಂಡೋಸ್ ಪರಿಷ್ಕರಣೆಗಳು ಅರ್ಧಕ್ಕೇ ನಿಲ್ಲುತ್ತವೆ, ತಂತ್ರಾಂಶಗಳು ನಿಧಾನವಾಗುತ್ತವೆ. ಇಂತಹ ಸಂದರ್ಭದಲ್ಲಿ ಪರಿಚಯದ ತಂತ್ರಜ್ಞರು ಸಾಮಾನ್ಯವಾಗಿ ನೀಡುವ ಸಲಹೆಯೊಂದಿದೆ: ಹೈಬರ್ನೇಷನ್ ಸೌಲಭ್ಯವನ್ನು ನಿಲ್ಲಿಸಿಬಿಡಿ, ಒಂದೇ ಆದೇಶದಿಂದ ಹಲವಾರು ಗಿಗಾಬೈಟ್ ಜಾಗ ಮರಳಿ ದೊರೆಯುತ್ತದೆ.

ಸಲಹೆ ಸುಳ್ಳಲ್ಲ. ಕ್ಷಣಮಾತ್ರದಲ್ಲಿ ಜಾಗ ಸಿಗುವುದು ನಿಜ. ಆದರೆ ಹಾಗೆ ಬಿಟ್ಟುಕೊಡುತ್ತಿರುವುದು ಏನನ್ನು ಎಂಬುದು ಅನೇಕರಿಗೆ ಗೊತ್ತಾಗುವುದು, ಮುಂದೊಂದು ದಿನ ಲ್ಯಾಪ್‌ಟಾಪ್‌ನ ಬ್ಯಾಟರಿ ಬರಿದಾಗಿ, ಉಳಿಸದೆ ಬಿಟ್ಟಿದ್ದ ಬರಹ ಕೈತಪ್ಪಿದಾಗ ಮಾತ್ರ. ಆದ್ದರಿಂದ ಆದೇಶವನ್ನು ಟೈಪಿಸುವ ಮೊದಲು ಈ ಸೌಲಭ್ಯ ಏನು, ಅದು ಎಷ್ಟು ಜಾಗ ಹಿಡಿಯುತ್ತದೆ, ಯಾರಿಗೆ ಅದು ಅನಗತ್ಯ, ಯಾರಿಗೆ ಅಗತ್ಯ ಎಂಬುದನ್ನು ಅರಿಯುವುದು ಲೇಸು.

ನಿದ್ರೆಯಲ್ಲಿ ಎರಡು ಬಗೆ

ಕರಡಿ, ಹೆಗ್ಗಣಜಾತಿಯ ಕೆಲವು ಪ್ರಾಣಿಗಳು ಶೀತಪ್ರದೇಶಗಳಲ್ಲಿ ಚಳಿಗಾಲವನ್ನು ಬಿಲದೊಳಗೆ ನಿಶ್ಚಲವಾಗಿ ಕಳೆಯುವುದನ್ನು ಜೀವವಿಜ್ಞಾನದ ಪುಸ್ತಕಗಳು ಶಿಶಿರನಿದ್ರೆ ಎಂದು ಕರೆಯುತ್ತವೆ. ಆಂಗ್ಲ ಭಾಷೆಯ ಹೈಬರ್ನೇಷನ್ ಎಂಬ ಪದ ಗಣಕವಿಜ್ಞಾನಕ್ಕೆ ಬಂದಿರುವುದು ಅಲ್ಲಿಂದಲೇ.

ಗಣಕಯಂತ್ರ ಕೆಲಸ ಮಾಡುತ್ತಿರುವಾಗ ತೆರೆದಿರುವ ಕಡತಗಳೂ ತಂತ್ರಾಂಶಗಳೂ ರ‍್ಯಾಮ್ ಎಂಬ ತಾತ್ಕಾಲಿಕ ಸ್ಮೃತಿಯಲ್ಲಿ ಇರುತ್ತವೆ. ವಿದ್ಯುತ್ ಇರುವವರೆಗೆ ಮಾತ್ರ ಈ ಸ್ಮೃತಿಗೆ ಜೀವ. ವಿದ್ಯುತ್ ನಿಂತೊಡನೆ ಅದರಲ್ಲಿದ್ದದ್ದೆಲ್ಲವೂ ಅಳಿಸಿಹೋಗುತ್ತದೆ. ಡಿಸ್ಕಿನಲ್ಲಿ ಬರೆದಿಟ್ಟದ್ದು ಹಾಗಲ್ಲ. ವಿದ್ಯುತ್ ಇಲ್ಲದಿದ್ದರೂ ಅದು ಉಳಿಯುತ್ತದೆ.

ಸ್ಲೀಪ್ ಎಂಬ ಆಯ್ಕೆಯನ್ನು ಒತ್ತಿದಾಗ ಗಣಕವು ಪರದೆ, ಡಿಸ್ಕ್, ಸಂಸ್ಕಾರಕ ಮುಂತಾದವುಗಳನ್ನು ವಿಶ್ರಾಂತಿಗೆ ಕಳುಹಿಸಿ, ರ‍್ಯಾಮ್‌ಗೆ ಮಾತ್ರ ಅಲ್ಪ ಪ್ರಮಾಣದ ವಿದ್ಯುತ್ತನ್ನು ಒದಗಿಸುತ್ತಿರುತ್ತದೆ. ಎಬ್ಬಿಸಿದರೆ ಒಂದೆರಡು ಸೆಕೆಂಡುಗಳಲ್ಲಿ ಎಲ್ಲವೂ ಇದ್ದಲ್ಲೇ ಕಾಣಿಸುತ್ತದೆ. ಆದರೆ ಈ ನಡುವೆ ವಿದ್ಯುತ್ ಕಡಿತವಾದರೆ ಅಥವಾ ಬ್ಯಾಟರಿ ಮುಗಿದರೆ ಉಳಿಸದ ಕೆಲಸ ಹೋದಂತೆಯೇ.

ಹೈಬರ್ನೇಟ್ ಆಯ್ಕೆಯ ರೀತಿ ಬೇರೆ. ಇಲ್ಲಿ ಗಣಕವು ರ‍್ಯಾಮ್‌ನಲ್ಲಿರುವ ಅಗತ್ಯ ಮಾಹಿತಿಯನ್ನು ಕುಗ್ಗಿಸಿ, ಡಿಸ್ಕಿನಲ್ಲಿ ಮೊದಲೇ ಕಾಯ್ದಿರಿಸಿದ ಒಂದು ಕಡತಕ್ಕೆ ಬರೆದು, ನಂತರ ಸಂಪೂರ್ಣವಾಗಿ ಆರಿಹೋಗುತ್ತದೆ. ವಿದ್ಯುತ್ ಬಳಕೆ ಯಂತ್ರವನ್ನು ಮುಚ್ಚಿದಾಗ ಇರುವಷ್ಟೇ. ವಾರ ಕಳೆದು ಹೊತ್ತಿಸಿದರೂ ಅದು ಆ ಕಡತವನ್ನು ಓದಿ, ರ‍್ಯಾಮ್‌ಗೆ ತುಂಬಿ, ನೀವು ನಿಲ್ಲಿಸಿದ ಸಾಲಿನಿಂದಲೇ ಮುಂದುವರಿಯುತ್ತದೆ.

ಈ ಸ್ಥಿತಿಗಳನ್ನು ಎಸ್‌ಪಿಐ ಎಂದಲ್ಲ, ಎಸಿಪಿಐ ಎಂಬ ಮಾನದಂಡ ವ್ಯಾಖ್ಯಾನಿಸುತ್ತದೆ. ಇಂಟೆಲ್, ಮೈಕ್ರೋಸಾಫ್ಟ್ ಹಾಗೂ ತೋಷಿಬಾ ಸಂಸ್ಥೆಗಳು ಇದರ ಮೊದಲ ಆವೃತ್ತಿಯನ್ನು 1996ರಲ್ಲಿ ಪ್ರಕಟಿಸಿದವು. ಅದರ ಪರಿಭಾಷೆಯಲ್ಲಿ ಸ್ಲೀಪ್ ಎಂದರೆ ಎಸ್3, ಹೈಬರ್ನೇಷನ್ ಎಂದರೆ ಎಸ್4, ಪೂರ್ಣವಾಗಿ ಮುಚ್ಚುವುದು ಎಂದರೆ ಎಸ್5.

ಕಾಣದ ಕಡತ, ಕಾಣುವ ಗಾತ್ರ

ಹೈಬರ್ನೇಷನ್‌ಗಾಗಿ ಕಾಯ್ದಿರಿಸಿದ ಕಡತದ ಹೆಸರು ಹೈಬರ್‌ಫಿಲ್.ಸಿಸ್. ವಿಂಡೋಸ್ ಸ್ಥಾಪಿತವಾಗಿರುವ ಡ್ರೈವಿನ, ಅಂದರೆ ಸಾಮಾನ್ಯವಾಗಿ ಸಿ ಡ್ರೈವಿನ, ಮೂಲ ಮಟ್ಟದಲ್ಲೇ ಅದು ಇರುತ್ತದೆ. ರಕ್ಷಿತ ಕಡತವಾದ್ದರಿಂದ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಕಾಣಸಿಗದು. ನೀವು ಒಮ್ಮೆಯೂ ಹೈಬರ್ನೇಟ್ ಮಾಡಿರದಿದ್ದರೂ, ಸೌಲಭ್ಯ ಚಾಲನೆಯಲ್ಲಿದ್ದರೆ ಕಡತ ತನ್ನ ಜಾಗವನ್ನು ಹಿಡಿದೇ ಇರುತ್ತದೆ. ತುರ್ತಿನ ವೇಳೆಯಲ್ಲಿ ಡಿಸ್ಕ್ ತುಂಬಿದ್ದರೆ ಸ್ಮೃತಿಯನ್ನು ಬರೆಯಲು ಜಾಗ ಸಿಗದು ಎಂಬುದೇ ಈ ಮುಂಗಡ ಕಾಯ್ದಿರಿಸುವಿಕೆಯ ಕಾರಣ.

ಅದರ ಗಾತ್ರ ನಿರ್ಧಾರವಾಗುವುದು ಯಂತ್ರದ ರ‍್ಯಾಮ್‌ನಿಂದ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ರ‍್ಯಾಮ್ ಎಷ್ಟೋ ಕಡತವೂ ಅಷ್ಟೇ ದೊಡ್ಡದಾಗಿರುತ್ತಿತ್ತು. 2009ರ ವಿಂಡೋಸ್ 7ರಲ್ಲಿ ಅದನ್ನು ಪೂರ್ವನಿಯೋಜಿತವಾಗಿ ರ‍್ಯಾಮ್‌ನ ಶೇ. 75ಕ್ಕೆ ಇಳಿಸಲಾಯಿತು. ವಿಂಡೋಸ್ 10 ಮತ್ತು 11ರಲ್ಲಿ ಪೂರ್ಣ ಪ್ರಮಾಣದ ಕಡತ ಸಾಮಾನ್ಯವಾಗಿ ರ‍್ಯಾಮ್‌ನ ಶೇ. 40ರಷ್ಟಿರುತ್ತದೆ. ಅಂದರೆ:

8 ಜಿಬಿ ರ‍್ಯಾಮ್ ಇದ್ದರೆ ಸುಮಾರು 3.2 ಜಿಬಿ.
16 ಜಿಬಿ ರ‍್ಯಾಮ್ ಇದ್ದರೆ ಸುಮಾರು 6.4 ಜಿಬಿ.
32 ಜಿಬಿ ರ‍್ಯಾಮ್ ಇದ್ದರೆ ಸುಮಾರು 12.8 ಜಿಬಿ.

ಒಂದು ಟೆರಾಬೈಟ್ ಡಿಸ್ಕ್ ಇರುವವರಿಗೆ ಇದು ಲೆಕ್ಕಕ್ಕೆ ಬರುವ ಸಂಗತಿಯಲ್ಲ. ಆದರೆ 128 ಜಿಬಿ ಎಂದು ಮಾರಾಟವಾಗುವ ಎಸ್‌ಎಸ್‌ಡಿ ವಿಂಡೋಸ್‌ನ ಎಣಿಕೆಯಲ್ಲಿ ಸುಮಾರು 119 ಜಿಬಿಯಷ್ಟೇ ಕಾಣಿಸುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿಯೂ ವಿಂಡೋಸ್ 1,024ರ ಲೆಕ್ಕದಲ್ಲಿಯೂ ಎಣಿಸುವುದರಿಂದ ಈ ವ್ಯತ್ಯಾಸ. ಅದರಲ್ಲಿ ವಿಂಡೋಸ್ ತನಗೆ ಬೇಕಾದಷ್ಟನ್ನು ತೆಗೆದುಕೊಂಡ ಮೇಲೆ ಆರೇಳು ಜಿಬಿ ದೊಡ್ಡ ಮೊತ್ತವೇ ಸರಿ. ಇನ್ನು 64 ಜಿಬಿ ಸಂಗ್ರಹವಷ್ಟೇ ಇರುವ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಮೂಗಿಗಿಂತ ಮೂಗುತಿ ಭಾರವೆನಿಸುವ ಪರಿಸ್ಥಿತಿ.

ನಿಮ್ಮ ಯಂತ್ರದಲ್ಲಿ ಈ ಕಡತ ಎಷ್ಟು ಜಾಗ ಹಿಡಿದಿದೆ ಎಂಬುದನ್ನು ಊಹಿಸಬೇಕಾಗಿಲ್ಲ. ವಿಂಡೋಸ್ 10 ಅಥವಾ 11ರಲ್ಲಿ ಸೆಟ್ಟಿಂಗ್ಸ್ ತೆರೆದು, ಸಿಸ್ಟಮ್, ನಂತರ ಸ್ಟೋರೇಜ್ ಎಂಬಲ್ಲಿಗೆ ಹೋಗಿ. ಅಲ್ಲಿ ಎಲ್ಲ ವಿಭಾಗಗಳನ್ನೂ ತೋರಿಸುವಂತೆ ಕೇಳಿ, ಸಿಸ್ಟಮ್ ಆ್ಯಂಡ್ ರಿಸರ್ವ್ಡ್ ಎಂಬುದನ್ನು ಒತ್ತಿದರೆ ಹೈಬರ್ನೇಷನ್ ಕಡತದ ಗಾತ್ರ ಪ್ರತ್ಯೇಕವಾಗಿ ಕಾಣಿಸುತ್ತದೆ. ಆ ಸಂಖ್ಯೆಯನ್ನು ನೋಡಿದ ಮೇಲೆಯೇ ಮುಂದಿನ ತೀರ್ಮಾನ ಕೈಗೊಳ್ಳುವುದು ಸೂಕ್ತ.

ಯಾರು ನಿಲ್ಲಿಸಬಹುದು?

ಮೇಜಿನ ಮೇಲೆ ಕುಳಿತಿರುವ ಡೆಸ್ಕ್‌ಟಾಪ್ ಗಣಕವನ್ನು ದಿನದ ಕೊನೆಗೆ ಕಡತಗಳನ್ನೆಲ್ಲ ಉಳಿಸಿ ಮುಚ್ಚುವ ಅಭ್ಯಾಸವಿರುವವರಿಗೆ ಹೈಬರ್ನೇಷನ್‌ನಿಂದ ಹೆಚ್ಚಿನ ಪ್ರಯೋಜನವಿಲ್ಲ. ಅಂತಹವರು ಅದನ್ನು ನಿಶ್ಚಿಂತೆಯಿಂದ ನಿಲ್ಲಿಸಬಹುದು. ದೊಡ್ಡ ರ‍್ಯಾಮ್ ಮತ್ತು ಚಿಕ್ಕ ಎಸ್‌ಎಸ್‌ಡಿ ಇರುವ ಡೆಸ್ಕ್‌ಟಾಪ್‌ಗಳಲ್ಲಿ ಲಾಭ ಗಣನೀಯ.

ಇದಕ್ಕೆ ಒಂದು ಅಪವಾದವಿದೆ. ಕೆಲವು ಯುಪಿಎಸ್‌ಗಳನ್ನು ಯುಎಸ್‌ಬಿ ತಂತಿಯ ಮೂಲಕ ಗಣಕಕ್ಕೆ ಜೋಡಿಸಬಹುದು. ಆಗ ವಿಂಡೋಸ್ ಯುಪಿಎಸ್‌ನ ಬ್ಯಾಟರಿಯನ್ನು ತನ್ನದೇ ಬ್ಯಾಟರಿಯಂತೆ ಗಮನಿಸುತ್ತಿದ್ದು, ಅದು ಮುಗಿಯುವ ಹಂತಕ್ಕೆ ಬಂದಾಗ ಯಂತ್ರವನ್ನು ತಾನೇ ಹೈಬರ್ನೇಟ್ ಮಾಡಬಲ್ಲದು. ಪದೇ ಪದೇ ವಿದ್ಯುತ್ ಹೋಗುವ ಬಡಾವಣೆಗಳಲ್ಲಿ, ಗಣಕವನ್ನು ಹೊತ್ತಿಸಿಟ್ಟು ಹೊರಹೋಗುವವರಿಗೆ ಇದು ಅಮೂಲ್ಯ ರಕ್ಷಣೆ. ಇಂತಹ ಜೋಡಣೆ ಮಾಡಿಕೊಂಡವರು ಸೌಲಭ್ಯವನ್ನು ಉಳಿಸಿಕೊಳ್ಳುವುದೇ ಮೇಲು. ತಂತಿ ಜೋಡಣೆಯಿಲ್ಲದ ಸಾಮಾನ್ಯ ಯುಪಿಎಸ್‌ಗಳಲ್ಲಿ ಗಣಕಕ್ಕೆ ಇಂತಹ ಮುನ್ಸೂಚನೆ ತಲುಪುವುದೇ ಇಲ್ಲ. ಅಲ್ಲಿ ಕೀಚ್ ಎಂಬ ಸದ್ದು ಕೇಳಿದ ಮನುಷ್ಯರೇ ಓಡಿಬಂದು ಕಡತ ಉಳಿಸಬೇಕು.

ಯಾರು ನಿಲ್ಲಿಸಬಾರದು?

ಲ್ಯಾಪ್‌ಟಾಪ್ ಬಳಕೆದಾರರು ಎರಡು ಬಾರಿ ಯೋಚಿಸಬೇಕು. ಲ್ಯಾಪ್‌ಟಾಪ್‌ನ ಮುಚ್ಚಳವನ್ನು ಮಡಚಿ ಚೀಲದೊಳಗೆ ಇಟ್ಟಾಗ ಅದು ಸಾಮಾನ್ಯವಾಗಿ ಸ್ಲೀಪ್ ಸ್ಥಿತಿಗೆ ಹೋಗುತ್ತದೆಯೇ ಹೊರತು ಮುಚ್ಚಿಕೊಳ್ಳುವುದಿಲ್ಲ. ಬ್ಯಾಟರಿ ನಿಧಾನವಾಗಿ ಇಳಿಯುತ್ತಲೇ ಇರುತ್ತದೆ. ಅದು ಅಪಾಯದ ಮಟ್ಟ ತಲುಪಿದಾಗ ವಿಂಡೋಸ್ ಎಚ್ಚೆತ್ತು, ಸ್ಮೃತಿಯಲ್ಲಿರುವುದನ್ನೆಲ್ಲ ಡಿಸ್ಕಿಗೆ ಬರೆದು ಹೈಬರ್ನೇಟ್ ಆಗುವುದು ಬಹುತೇಕ ಲ್ಯಾಪ್‌ಟಾಪ್‌ಗಳ ಪೂರ್ವನಿಯೋಜಿತ ವ್ಯವಸ್ಥೆ. ಬಳಕೆದಾರರ ಅರಿವಿಗೇ ಬಾರದಂತೆ ನಡೆಯುವ ಈ ಕಾರ್ಯ ಎಷ್ಟೋ ಜನರ ಬರಹವನ್ನು ಉಳಿಸಿದೆ. ಹೈಬರ್ನೇಷನ್ ನಿಲ್ಲಿಸಿದ ಯಂತ್ರದಲ್ಲಿ ಈ ಕಾವಲು ಇರುವುದಿಲ್ಲ. ನುಡಿ ಅಥವಾ ಬರಹ ತಂತ್ರಾಂಶದಲ್ಲಿ ದಿನವಿಡೀ ಕುಳಿತು ಟೈಪಿಸಿದ ಲೇಖನವನ್ನು ಉಳಿಸದೆ ಮುಚ್ಚಳ ಮಡಚಿದವರು, ಮರುದಿನ ತೆರೆದಾಗ ಖಾಲಿ ಪರದೆಯನ್ನು ನೋಡಬೇಕಾಗಬಹುದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಈಚಿನ ವರ್ಷಗಳ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಹಳೆಯ ಎಸ್3 ಸ್ಲೀಪ್ ಇಲ್ಲವೇ ಇಲ್ಲ. ಅದರ ಬದಲಿಗೆ ಮಾಡರ್ನ್ ಸ್ಟ್ಯಾಂಡ್‌ಬೈ ಎಂಬ ವ್ಯವಸ್ಥೆಯಿದೆ. ಮೊಬೈಲ್ ದೂರವಾಣಿಯಂತೆ ಪರದೆ ಆರಿದ್ದರೂ ಯಂತ್ರ ಒಳಗೊಳಗೇ ಅರೆ ಎಚ್ಚರದಲ್ಲಿದ್ದು, ಆಗಾಗ ಅಂತರ್ಜಾಲವನ್ನು ಸಂಪರ್ಕಿಸುತ್ತದೆ. ಇದರಲ್ಲಿ ಬ್ಯಾಟರಿ ನಿರೀಕ್ಷೆಗಿಂತ ವೇಗವಾಗಿ ಇಳಿಯುತ್ತಿದ್ದರೆ ವಿಂಡೋಸ್ ತಾನಾಗಿಯೇ ಹೈಬರ್ನೇಷನ್‌ಗೆ ಜಾರುತ್ತದೆ. ಸೌಲಭ್ಯವನ್ನು ನಿಲ್ಲಿಸಿದರೆ ಜಾರಲು ಬೇರೆ ನೆಲೆಯಿಲ್ಲ. ಚೀಲದಲ್ಲಿಟ್ಟ ಲ್ಯಾಪ್‌ಟಾಪ್ ಬಿಸಿಯಾಗಿ, ಊರು ಸೇರುವಷ್ಟರಲ್ಲಿ ಬ್ಯಾಟರಿ ಬರಿದಾಗಿರುವ ಸಾಧ್ಯತೆ ಹೆಚ್ಚುತ್ತದೆ. ನಿಮ್ಮ ಯಂತ್ರದಲ್ಲಿ ಯಾವ ಬಗೆಯ ನಿದ್ರೆ ಲಭ್ಯ ಎಂಬುದನ್ನು ತಿಳಿಯುವ ವಿಧಾನವನ್ನು ಮುಂದೆ ಕೊಡಲಾಗಿದೆ.

ಶೀಘ್ರ ಆರಂಭದ ನಂಟು

2012ರಲ್ಲಿ ಬಂದ ವಿಂಡೋಸ್ 8ರಿಂದ ಹೈಬರ್‌ಫಿಲ್.ಸಿಸ್ ಕಡತಕ್ಕೆ ಇನ್ನೊಂದು ಕೆಲಸವೂ ಸೇರಿಕೊಂಡಿತು. ಅದೇ ಫಾಸ್ಟ್ ಸ್ಟಾರ್ಟಪ್. ಈ ವ್ಯವಸ್ಥೆಯಲ್ಲಿ ಶಟ್ ಡೌನ್ ಒತ್ತಿದಾಗ ಬಳಕೆದಾರರ ತಂತ್ರಾಂಶಗಳು ಮುಚ್ಚಿಕೊಳ್ಳುತ್ತವೆ. ಆದರೆ ವಿಂಡೋಸ್‌ನ ತಿರುಳು ಮತ್ತು ಯಂತ್ರಾಂಶ ಚಾಲಕಗಳ ಸ್ಥಿತಿ ಈ ಕಡತದಲ್ಲಿ ಉಳಿಯುತ್ತದೆ. ಮರುದಿನ ಗಣಕ ಎಲ್ಲವನ್ನೂ ಹೊಸದಾಗಿ ಕಟ್ಟುವ ಬದಲು ಕಡತವನ್ನು ಓದಿಕೊಂಡು ಬೇಗ ಏಳುತ್ತದೆ.

ಹೈಬರ್ನೇಷನ್ ನಿಲ್ಲಿಸಿದರೆ ಫಾಸ್ಟ್ ಸ್ಟಾರ್ಟಪ್ ಕೂಡ ನಿಲ್ಲುತ್ತದೆ. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಇರುವ ಯಂತ್ರಗಳಲ್ಲಿ ಬೆಳಗಿನ ಆರಂಭ ಎದ್ದುಕಾಣುವಷ್ಟು ನಿಧಾನವಾದೀತು. ಎಸ್‌ಎಸ್‌ಡಿ ಇದ್ದರೆ ವ್ಯತ್ಯಾಸ ಕೆಲವೇ ಸೆಕೆಂಡುಗಳದ್ದು. ಇದರಿಂದ ಒಂದು ಅನುಕೂಲವೂ ಉಂಟು: ಫಾಸ್ಟ್ ಸ್ಟಾರ್ಟಪ್ ಇಲ್ಲದಾಗ ಶಟ್ ಡೌನ್ ಎಂದರೆ ನಿಜವಾದ ಶಟ್ ಡೌನ್. ಚಾಲಕಗಳ ತೊಡಕಿನಿಂದ ಉಂಟಾದ ಕೆಲವು ವಿಚಿತ್ರ ಸಮಸ್ಯೆಗಳು ಯಂತ್ರವನ್ನು ಮುಚ್ಚಿ ತೆರೆದರೂ ಹೋಗದೆ, ರೀಸ್ಟಾರ್ಟ್ ಮಾಡಿದಾಗ ಮಾತ್ರ ಹೋಗುವುದನ್ನು ಗಮನಿಸಿದವರಿಗೆ ಇದರ ಅರ್ಥ ತಿಳಿದೀತು. ರೀಸ್ಟಾರ್ಟ್ ಈ ಕಡತವನ್ನು ಬಳಸದೆ ಎಲ್ಲವನ್ನೂ ಹೊಸದಾಗಿ ಆರಂಭಿಸುತ್ತದೆ.

ನಿಲ್ಲಿಸುವ ವಿಧಾನ

ಮೊದಲಿಗೆ ಒಂದು ಎಚ್ಚರಿಕೆ. ಅಡಗಿರುವ ಕಡತಗಳನ್ನು ಕಾಣುವಂತೆ ಮಾಡಿಕೊಂಡು ಹೈಬರ್‌ಫಿಲ್.ಸಿಸ್ ಅನ್ನು ನೇರವಾಗಿ ಅಳಿಸಲು ಹೋಗಬೇಡಿ. ವಿಂಡೋಸ್ ಅದಕ್ಕೆ ಅವಕಾಶ ಕೊಡುವುದಿಲ್ಲ. ಬೇರೆ ಉಪಾಯದಿಂದ ಅಳಿಸಿದರೂ ಸೌಲಭ್ಯ ಚಾಲನೆಯಲ್ಲಿರುವವರೆಗೆ ಕಡತ ಮತ್ತೆ ಹುಟ್ಟಿಕೊಳ್ಳುತ್ತದೆ. ಸೌಲಭ್ಯವನ್ನು ನಿಲ್ಲಿಸಿದರೆ ಕಡತ ತಾನಾಗಿಯೇ ಮಾಯವಾಗುತ್ತದೆ. ಕ್ರಮ ಹೀಗಿದೆ:

1. ತೆರೆದಿರುವ ಎಲ್ಲ ಕಡತಗಳನ್ನೂ ಉಳಿಸಿ.

2. ಸ್ಟಾರ್ಟ್ ಗುಂಡಿಯನ್ನು ಒತ್ತಿ, ಕಮಾಂಡ್ ಪ್ರಾಂಪ್ಟ್ ಎಂಬುದನ್ನು ಹುಡುಕಿ. ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ, ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಎಂಬುದನ್ನು ಆರಿಸಿ. ಅನುಮತಿ ಕೇಳಿದರೆ ಸಮ್ಮತಿಸಿ. ಮೇಲ್ವಿಚಾರಕರ ಅಧಿಕಾರವಿಲ್ಲದೆ ತೆರೆದ ಕಿಟಕಿಯಲ್ಲಿ ಆದೇಶ ನಡೆಯದು.

3. ಕಪ್ಪು ಕಿಟಕಿಯಲ್ಲಿ ಆದೇಶವನ್ನು ಆಂಗ್ಲ ಅಕ್ಷರಗಳಲ್ಲಿ ಟೈಪಿಸಿ. ಮೊದಲ ಪದ ಪವರ್‌ಸಿಎಫ್‌ಜಿ: ಪಿ, ಓ, ಡಬ್ಲ್ಯು, ಇ, ಆರ್, ಸಿ, ಎಫ್, ಜಿ ಎಂಬ ಎಂಟು ಅಕ್ಷರಗಳನ್ನು ನಡುವೆ ಜಾಗ ಬಿಡದೆ ಬರೆಯಬೇಕು. ಬಳಿಕ ಒಂದು ಖಾಲಿ ಸ್ಥಳ. ನಂತರ ಪ್ರಶ್ನಾರ್ಥಕ ಚಿಹ್ನೆಯ ಕೀಲಿಯಲ್ಲಿರುವ ಓರೆಗೆರೆ, ಅದಕ್ಕೆ ಅಂಟಿಕೊಂಡಂತೆ ಎಚ್ ಅಕ್ಷರ. ಮತ್ತೊಂದು ಖಾಲಿ ಸ್ಥಳ. ಕೊನೆಗೆ ಆಫ್ ಎಂಬ ಪದ: ಓ, ಎಫ್, ಎಫ್.

4. ಎಂಟರ್ ಕೀಲಿ ಒತ್ತಿ. ಯಾವುದೇ ಸಂದೇಶ ಬಾರದೆ ಮುಂದಿನ ಸಾಲು ಕಾಣಿಸಿಕೊಂಡರೆ ಕೆಲಸ ಮುಗಿಯಿತೆಂದು ತಿಳಿಯಿರಿ. ಸಿ ಡ್ರೈವಿನ ಖಾಲಿ ಜಾಗ ಹೆಚ್ಚಿರುವುದನ್ನು ಆ ಕೂಡಲೇ ಕಾಣಬಹುದು.

ಮನಸ್ಸು ಬದಲಾದರೆ ಚಿಂತೆಯಿಲ್ಲ. ಅದೇ ಆದೇಶದಲ್ಲಿ ಆಫ್ ಎಂಬುದರ ಬದಲು ಆನ್ ಎಂದು ಟೈಪಿಸಿದರೆ ಸೌಲಭ್ಯ ಹಿಂದಿರುಗುತ್ತದೆ. ಡಿಸ್ಕಿನಲ್ಲಿ ಅಷ್ಟು ಜಾಗ ಉಳಿದಿರಬೇಕಷ್ಟೇ.

ಯಂತ್ರದಲ್ಲಿ ಲಭ್ಯವಿರುವ ನಿದ್ರಾಸ್ಥಿತಿಗಳನ್ನು ತಿಳಿಯಲು ಪವರ್‌ಸಿಎಫ್‌ಜಿ ಎಂಬ ಪದದ ನಂತರ ಖಾಲಿ ಸ್ಥಳ ಬಿಟ್ಟು, ಓರೆಗೆರೆ ಮತ್ತು ಎ ಅಕ್ಷರವನ್ನು ಟೈಪಿಸಿ. ಲಭ್ಯವಿರುವ ಹಾಗೂ ಇಲ್ಲದಿರುವ ಸ್ಥಿತಿಗಳ ಪಟ್ಟಿ, ಇಲ್ಲದಿರುವುದಕ್ಕೆ ಕಾರಣದೊಂದಿಗೆ, ಪರದೆಯ ಮೇಲೆ ಮೂಡುತ್ತದೆ. ಸ್ಟ್ಯಾಂಡ್‌ಬೈ ಎಸ್0 ಎಂದು ಕಂಡರೆ ನಿಮ್ಮದು ಮಾಡರ್ನ್ ಸ್ಟ್ಯಾಂಡ್‌ಬೈ ಯಂತ್ರ.

ನಡುವಿನ ದಾರಿ

ಜಾಗವೂ ಬೇಕು, ಶೀಘ್ರ ಆರಂಭವೂ ಬೇಕು ಎನ್ನುವವರಿಗೆ ವಿಂಡೋಸ್ 10 ಮತ್ತು 11ರಲ್ಲಿ ಮಧ್ಯಮ ಮಾರ್ಗವೊಂದಿದೆ. ಪವರ್‌ಸಿಎಫ್‌ಜಿ, ಓರೆಗೆರೆ ಎಚ್, ಓರೆಗೆರೆ ಟೈಪ್, ರೆಡ್ಯೂಸ್ಡ್ ಎಂಬ ನಾಲ್ಕು ಭಾಗಗಳನ್ನು ಖಾಲಿ ಸ್ಥಳಗಳಿಂದ ಬೇರ್ಪಡಿಸಿ ಆಂಗ್ಲದಲ್ಲಿ ಟೈಪಿಸಿದರೆ, ಕಡತವು ರ‍್ಯಾಮ್‌ನ ಸುಮಾರು ಶೇ. 20ಕ್ಕೆ ಕುಗ್ಗುತ್ತದೆ. 16 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ 6.4 ಜಿಬಿ ಇದ್ದದ್ದು 3.2 ಜಿಬಿಗೆ ಇಳಿಯುತ್ತದೆ. ಕಡತದ ಗಾತ್ರವನ್ನು ಹಿಂದೆ ಯಾರಾದರೂ ಕೈಯಾರೆ ಬದಲಿಸಿದ್ದರೆ ಈ ಆದೇಶ ದೋಷ ತೋರಬಹುದು. ಆಗ ಟೈಪ್, ರೆಡ್ಯೂಸ್ಡ್ ಎಂಬುವುಗಳ ಜಾಗದಲ್ಲಿ ಸೈಜ್ ಮತ್ತು ಸೊನ್ನೆಯನ್ನು ಹಾಕಿ ಒಮ್ಮೆ ನಡೆಸಿ, ಬಳಿಕ ಮತ್ತೆ ಪ್ರಯತ್ನಿಸಬೇಕು.

ಆದರೆ ಗಮನಿಸಿ: ಕುಗ್ಗಿಸಿದ ಕಡತ ಫಾಸ್ಟ್ ಸ್ಟಾರ್ಟಪ್‌ಗೆ ಮಾತ್ರ ಸಾಕು. ಬಳಕೆದಾರರ ತೆರೆದ ಕಡತಗಳನ್ನೆಲ್ಲ ಹಿಡಿದಿಡುವ ಪೂರ್ಣ ಹೈಬರ್ನೇಷನ್‌ಗೆ ಅದು ಸಾಲದು. ಆದ್ದರಿಂದ ಬ್ಯಾಟರಿ ಮುಗಿದಾಗಿನ ರಕ್ಷಣೆ ಬೇಕೆನ್ನುವ ಲ್ಯಾಪ್‌ಟಾಪ್ ಬಳಕೆದಾರರಿಗೆ ಇದು ಪರಿಹಾರವಲ್ಲ. ಪೂರ್ಣ ರೂಪಕ್ಕೆ ಮರಳಲು ರೆಡ್ಯೂಸ್ಡ್ ಎಂಬ ಪದದ ಬದಲು ಫುಲ್ ಎಂದು ಟೈಪಿಸಬೇಕು.

ಹಳೆಯ ವಿಂಡೋಸ್‌ನಲ್ಲಿ

ಹಳೆಯ ಯಂತ್ರಗಳನ್ನು ಇಂದಿಗೂ ಇಟ್ಟುಕೊಂಡಿರುವವರಿಗೆ ಕೆಲವು ಮಾತುಗಳು. ಎಕ್ಸ್‌ಪಿಯಲ್ಲಿ ಕಪ್ಪು ಕಿಟಕಿಯ ಅಗತ್ಯವಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್ ವಿಭಾಗದಲ್ಲಿ ಹೈಬರ್ನೇಟ್ ಎಂಬ ಪುಟವಿದ್ದು, ಅಲ್ಲಿನ ಚೌಕದ ಗುರುತನ್ನು ತೆಗೆದರೆ ಸಾಕಾಗುತ್ತಿತ್ತು.

2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾದಲ್ಲಿ ಆ ಪುಟವನ್ನು ಕೈಬಿಡಲಾಯಿತು. ಅದರ ಡಿಸ್ಕ್ ಕ್ಲೀನಪ್ ಉಪಕರಣದಲ್ಲಿ ಕಸದ ಕಡತಗಳ ಸಾಲಿನಲ್ಲಿಯೇ ಹೈಬರ್ನೇಷನ್ ಕಡತವೂ ಒಂದು ಆಯ್ಕೆಯಾಗಿ ಕಾಣಿಸುತ್ತಿತ್ತು. ಅದನ್ನು ಕಸವೆಂದೇ ಭಾವಿಸಿ ಗುರುತು ಹಾಕಿದವರ ಯಂತ್ರದಿಂದ ಹೈಬರ್ನೇಟ್ ಆಯ್ಕೆಯೇ ಕಣ್ಮರೆಯಾಗುತ್ತಿತ್ತು. ಮೇಲೆ ಹೇಳಿದ ಆನ್ ಆದೇಶದಿಂದಲೇ ಅದನ್ನು ಮರಳಿ ಪಡೆಯಬೇಕಾಗುತ್ತಿತ್ತು. ವಿಸ್ಟಾ ಮತ್ತು ವಿಂಡೋಸ್ 7ರಲ್ಲಿಯೂ ಇದೇ ಪವರ್‌ಸಿಎಫ್‌ಜಿ ಆದೇಶ ನಡೆಯುತ್ತದೆ.

ಈ ಹಳೆಯ ಆವೃತ್ತಿಗಳಿಗೆ ಮೈಕ್ರೋಸಾಫ್ಟ್‌ನ ಬೆಂಬಲ ಮುಗಿದು ವರ್ಷಗಳೇ ಕಳೆದಿವೆ: ಎಕ್ಸ್‌ಪಿಗೆ 2014ರಲ್ಲಿ, ವಿಸ್ಟಾಗೆ 2017ರಲ್ಲಿ, ವಿಂಡೋಸ್ 7ಕ್ಕೆ 2020ರಲ್ಲಿ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಕನಿಷ್ಠ 64 ಜಿಬಿ ಸಂಗ್ರಹ ಮತ್ತು 4 ಜಿಬಿ ರ‍್ಯಾಮ್ ಇರಬೇಕೆಂದು ನಿಗದಿಯಾಗಿದೆ. ಡಿಸ್ಕಿನ ಜಾಗಕ್ಕಾಗಿ ಹುಡುಕಾಟ ಹೆಚ್ಚಲು ಇದೂ ಒಂದು ಕಾರಣ.

ಒಂದೇ ಯಂತ್ರದಲ್ಲಿ ಲಿನಕ್ಸ್ ಇದ್ದರೆ

ವಿಂಡೋಸ್ ಜೊತೆಗೆ ಲಿನಕ್ಸ್ ಅನ್ನೂ ಸ್ಥಾಪಿಸಿಕೊಂಡವರು ಈ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು. ಹೈಬರ್ನೇಟ್ ಆದ ಅಥವಾ ಫಾಸ್ಟ್ ಸ್ಟಾರ್ಟಪ್ ಇಟ್ಟುಕೊಂಡು ಮುಚ್ಚಿದ ವಿಂಡೋಸ್, ತನ್ನ ಡ್ರೈವಿನ ಸ್ಥಿತಿಯನ್ನು ನೆನಪಿನಲ್ಲಿ ಇಟ್ಟುಕೊಂಡೇ ಮಲಗಿರುತ್ತದೆ. ಆ ನಡುವೆ ಲಿನಕ್ಸ್‌ನಿಂದ ಅದೇ ಡ್ರೈವಿಗೆ ಏನಾದರೂ ಬರೆದರೆ, ಎಚ್ಚೆತ್ತ ವಿಂಡೋಸ್‌ನ ನೆನಪಿಗೂ ಡಿಸ್ಕಿನ ವಾಸ್ತವಕ್ಕೂ ತಾಳೆಯಾಗದೆ ಕಡತಗಳು ಕೆಡಬಹುದು. ಇದನ್ನು ತಪ್ಪಿಸಲೆಂದೇ ಲಿನಕ್ಸ್ ಅಂತಹ ಡ್ರೈವನ್ನು ಓದಲಷ್ಟೇ ಬಿಟ್ಟು, ಬರೆಯಲು ನಿರಾಕರಿಸುವುದು ಸಾಮಾನ್ಯ. ಎರಡೂ ವ್ಯವಸ್ಥೆಗಳ ನಡುವೆ ಕಡತಗಳನ್ನು ಹಂಚಿಕೊಳ್ಳುವವರು ಕನಿಷ್ಠ ಫಾಸ್ಟ್ ಸ್ಟಾರ್ಟಪ್ ಅನ್ನಾದರೂ ನಿಲ್ಲಿಸುವುದು ಕ್ಷೇಮ.

ಆ್ಯಪಲ್‌ನ ಮ್ಯಾಕ್ ಲ್ಯಾಪ್‌ಟಾಪ್‌ಗಳಲ್ಲಿಯೂ ಇಂತಹದೇ ಉದ್ದೇಶದ ಕಡತವಿದೆ. ಅದರ ಹೆಸರು ಸ್ಲೀಪ್‌ಇಮೇಜ್. ಅಲ್ಲಿಯೂ ಅದರ ಕೆಲಸ ಬ್ಯಾಟರಿ ಮುಗಿದಾಗ ಬಳಕೆದಾರರ ಕೆಲಸವನ್ನು ಕಾಯುವುದೇ.

ಎರಡು ಸಂದೇಹಗಳು

ಪದೇ ಪದೇ ಹೈಬರ್ನೇಟ್ ಮಾಡಿದರೆ ಎಸ್‌ಎಸ್‌ಡಿ ಸವೆಯುವುದಿಲ್ಲವೇ ಎಂಬುದು ಒಂದು ಸಂದೇಹ. ಎಸ್‌ಎಸ್‌ಡಿಗೆ ಬರೆಯುವ ಪ್ರಮಾಣಕ್ಕೆ ಮಿತಿಯಿರುವುದು ನಿಜ. ಆದರೆ ದಿನಕ್ಕೊಮ್ಮೆ 5 ಜಿಬಿ ಬರೆದರೂ ವರ್ಷಕ್ಕೆ 2 ಟೆರಾಬೈಟ್ ಆಗುವುದಿಲ್ಲ. ಈಗಿನ ಎಸ್‌ಎಸ್‌ಡಿಗಳಿಗೆ ತಯಾರಕರು ಸೂಚಿಸುವ ಮಿತಿ ಹತ್ತಾರು ಟೆರಾಬೈಟ್‌ಗಳಿಂದ ನೂರಾರು ಟೆರಾಬೈಟ್‌ಗಳವರೆಗೆ ಇರುತ್ತದೆ. ಸವೆತದ ಭಯಕ್ಕಾಗಿ ಮಾತ್ರ ಸೌಲಭ್ಯವನ್ನು ನಿಲ್ಲಿಸಬೇಕಾಗಿಲ್ಲ.

ಎರಡನೆಯದು ಸುರಕ್ಷತೆಯ ಪ್ರಶ್ನೆ, ಮತ್ತು ಅದರಲ್ಲಿ ತಥ್ಯವಿದೆ. ಹೈಬರ್ನೇಷನ್ ಕಡತವೆಂದರೆ ಆ ಕ್ಷಣದ ಸ್ಮೃತಿಯ ಪ್ರತಿ. ತೆರೆದಿದ್ದ ದಾಖಲೆಗಳ ಭಾಗಗಳು ಮಾತ್ರವಲ್ಲ, ಕೆಲವೊಮ್ಮೆ ಗುಪ್ತಪದಗಳೂ ಅದರಲ್ಲಿ ಉಳಿದಿರಬಹುದು. ಅಪರಾಧ ತನಿಖೆಯಲ್ಲಿ ಗಣಕಗಳನ್ನು ಪರಿಶೀಲಿಸುವ ತಜ್ಞರು ಈ ಕಡತವನ್ನು ಹುಡುಕುವುದು ಇದೇ ಕಾರಣಕ್ಕೆ. ಲ್ಯಾಪ್‌ಟಾಪ್ ಕಳವಾದರೆ ಕಳ್ಳರ ಕೈಗೂ ಅದು ಸಿಗಬಹುದು. ಇದಕ್ಕೆ ತಕ್ಕ ಉಪಾಯವೆಂದರೆ ಬಿಟ್‌ಲಾಕರ್‌ನಂತಹ ಸೌಲಭ್ಯದಿಂದ ಇಡೀ ಸಿ ಡ್ರೈವನ್ನೇ ಗೂಢಲಿಪಿಗೆ ಪರಿವರ್ತಿಸುವುದು. ಆಗ ಹೈಬರ್ನೇಷನ್ ಕಡತವೂ ಅದರೊಳಗೇ ಸುರಕ್ಷಿತವಾಗಿರುತ್ತದೆ. ಗೂಢಲಿಪಿಯ ಮರಳಿಕೆ ಕೀಲಿಯನ್ನು ಬೇರೆಡೆ ಜೋಪಾನವಾಗಿ ಬರೆದಿಟ್ಟುಕೊಳ್ಳುವುದನ್ನು ಮರೆಯಬಾರದು.

ಜಾಗಕ್ಕೆ ಬೇರೆ ದಾರಿಗಳು

ಹೈಬರ್‌ಫಿಲ್.ಸಿಸ್ ಪಕ್ಕದಲ್ಲಿಯೇ ಪೇಜ್‌ಫೈಲ್.ಸಿಸ್ ಎಂಬ ಇನ್ನೊಂದು ದೊಡ್ಡ ಕಡತ ಕಾಣುತ್ತದೆ. ಎರಡನ್ನೂ ಒಂದೇ ಎಂದು ಭಾವಿಸಬಾರದು. ರ‍್ಯಾಮ್ ಸಾಲದೆ ಬಂದಾಗ ವಿಂಡೋಸ್ ತಾತ್ಕಾಲಿಕವಾಗಿ ಬಳಸುವ ಜಾಗ ಅದು. ಅದನ್ನು ತೆಗೆದರೆ ಭಾರವಾದ ತಂತ್ರಾಂಶಗಳು ಇದ್ದಕ್ಕಿದ್ದಂತೆ ಮುಚ್ಚಿಕೊಳ್ಳಬಹುದು. ಅದನ್ನು ವಿಂಡೋಸ್‌ನ ನಿರ್ವಹಣೆಗೇ ಬಿಡುವುದು ಒಳಿತು.

ಲ್ಯಾಪ್‌ಟಾಪ್ ಬಳಕೆದಾರರು ಹೈಬರ್ನೇಷನ್‌ಗೆ ಕೈಹಾಕುವ ಮೊದಲು ಇತರ ದಾರಿಗಳನ್ನು ನೋಡಬೇಕು. ವಿಂಡೋಸ್‌ನ ದೊಡ್ಡ ಪರಿಷ್ಕರಣೆಯ ನಂತರ ಹಳೆಯ ಆವೃತ್ತಿ ವಿಂಡೋಸ್.ಓಲ್ಡ್ ಎಂಬ ಹೆಸರಿನಲ್ಲಿ ಹಲವು ಜಿಬಿ ಜಾಗ ಹಿಡಿದು ಕುಳಿತಿರುತ್ತದೆ. ಸಾಮಾನ್ಯವಾಗಿ 10 ದಿನಗಳ ನಂತರ ಅದು ತಾನಾಗಿಯೇ ಹೋಗುತ್ತದೆ. ಹೊಸ ಆವೃತ್ತಿ ಸರಿಯಾಗಿ ನಡೆಯುತ್ತಿದ್ದರೆ ಡಿಸ್ಕ್ ಕ್ಲೀನಪ್‌ನ ಮೂಲಕ ಮೊದಲೇ ತೆಗೆಯಬಹುದು. ಸೆಟ್ಟಿಂಗ್ಸ್‌ನಲ್ಲಿರುವ ಸ್ಟೋರೇಜ್ ಸೆನ್ಸ್ ಎಂಬ ಸೌಲಭ್ಯ ತಾತ್ಕಾಲಿಕ ಕಡತಗಳನ್ನೂ ಕಸದಬುಟ್ಟಿಯನ್ನೂ ನಿಯತವಾಗಿ ಬರಿದುಮಾಡುತ್ತದೆ. ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ವರ್ಷಗಟ್ಟಲೆ ಸೇರಿರುವ ಕಡತಗಳನ್ನು ಗಾತ್ರದ ಕ್ರಮದಲ್ಲಿ ಜೋಡಿಸಿ ನೋಡಿದರೆ, ಹೈಬರ್ನೇಷನ್ ಕಡತಕ್ಕಿಂತ ದೊಡ್ಡ ಮೊತ್ತ ಅಲ್ಲಿಯೇ ಸಿಗುವುದು ಅಪರೂಪವಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಹೈಬರ್ನೇಷನ್ ಕಡತ ಕಸವಲ್ಲ. ಅದು ಬಳಕೆದಾರರ ಕೆಲಸಕ್ಕೆ ಕಟ್ಟಿದ ವಿಮೆಯ ಕಂತು, ಡಿಸ್ಕಿನ ಜಾಗದ ರೂಪದಲ್ಲಿ ಪಾವತಿಯಾಗುತ್ತಿರುತ್ತದೆ. ಡೆಸ್ಕ್‌ಟಾಪ್ ಬಳಸುವವರಿಗೆ ಆ ವಿಮೆ ಬಹುಮಟ್ಟಿಗೆ ಬೇಡ. ಅವರು ಕಂತನ್ನು ನಿಲ್ಲಿಸಿ ಜಾಗವನ್ನು ಹಿಂಪಡೆಯಲಿ. ಲ್ಯಾಪ್‌ಟಾಪ್ ಹೊತ್ತು ಊರೂರು ತಿರುಗುವವರು ಬೇರೆಡೆ ಜಾಗ ಹುಡುಕಿ, ಇದನ್ನು ಇದ್ದಂತೆಯೇ ಬಿಡಲಿ. ಸೌಲಭ್ಯವನ್ನು ನಿಲ್ಲಿಸಿದವರು ಮುಚ್ಚಳ ಮಡಚುವ ಮುನ್ನ ಕಂಟ್ರೋಲ್ ಮತ್ತು ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಕಡತ ಉಳಿಸುವ ಅಭ್ಯಾಸವನ್ನು ಅಂದಿನಿಂದಲೇ ರೂಢಿಸಿಕೊಳ್ಳಬೇಕು.